ಅಲಾಸ್ಕದ ಆಕಾಶದಲ್ಲಿ ಹವೆಯ ವರ್ತಮಾನ

ಅಮೆರಿಕ ಸಂಯುಕ್ತ ಸಂಸ್ಥಾನದ ಭೂಪಟವನ್ನು ಬಿಡಿಸಿ ನೋಡಿದರೆ, ಅದರ ಒಂದು ದೊಡ್ಡ ತುಂಡು ಉಳಿದ ಸಂಸ್ಥಾನಗಳ ನೆರೆಯನ್ನು ತೊರೆದು, ಕೆನಡ ದೇಶದ ಆಚೆಗೆ, ಉತ್ತರ ಧ್ರುವದ ಕಡೆ ಮುಖಮಾಡಿ ನಿಂತಿರುವುದು ಕಾಣುತ್ತದೆ. ಅದೇ ಅಲಾಸ್ಕ. 1867ರಲ್ಲಿ ರಷ್ಯದ ಚಕ್ರವರ್ತಿಯಿಂದ 72 ಲಕ್ಷ ಡಾಲರುಗಳಿಗೆ ಕೊಂಡುಕೊಂಡ ಈ ನಾಡು 1959ರಲ್ಲಿ ಸಂಯುಕ್ತ ಸಂಸ್ಥಾನದ 49ನೆಯ ರಾಜ್ಯವಾಯಿತು. ವಿಸ್ತಾರದಲ್ಲಿ ಅದು ನಮ್ಮ ಕರ್ನಾಟಕದ ಸುಮಾರು ಒಂಬತ್ತರಷ್ಟಿದೆ. ಜನಸಂಖ್ಯೆಯಾದರೋ, 2020ರ ಗಣತಿಯಂತೆ, ಏಳೂಕಾಲು ಲಕ್ಷಕ್ಕೆ ತುಸು ಮಿಕ್ಕಿದ್ದು. ಇಷ್ಟು ದೊಡ್ಡ ನೆಲದಲ್ಲಿ ಇಷ್ಟು ಕಡಮೆ ಜನರು ಚದರಿಕೊಂಡಿರುವಾಗ ಊರಿಂದೂರಿಗೆ ರಸ್ತೆ ಹಾಕುವವರಾರು? ಅಲ್ಲಿಯ ಊರುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚಿನವಕ್ಕೆ ಹೊರಗಿನಿಂದ ರಸ್ತೆಯೇ ಇಲ್ಲ. ರಾಜಧಾನಿಯಾದ ಜೂನೋ ಪಟ್ಟಣಕ್ಕೆ ಕೂಡ ನೀರಿನ ಮೇಲೆ ಹೋಗಬೇಕು, ಇಲ್ಲವೆ ಗಾಳಿಯ ಮೇಲೆ ಹೋಗಬೇಕು.

ಆದುದರಿಂದ ನಮ್ಮಲ್ಲಿ ಎತ್ತಿನ ಗಾಡಿಯೂ ಬಸ್ಸೂ ಅಂಚೆಯವನೂ ಸೇರಿ ಮಾಡುವ ಕೆಲಸವನ್ನೆಲ್ಲ ಅಲ್ಲಿ ಆರೆಂಟು ಮಂದಿ ಹಿಡಿಸುವ ಸಣ್ಣ ವಿಮಾನವೊಂದೇ ಮಾಡುತ್ತದೆ. ಅಂಗಡಿಗೆ ಹಿಟ್ಟಿನ ಚೀಲ, ಶಾಲೆಗೆ ಪುಸ್ತಕದ ಕಟ್ಟು, ಹೆರಿಗೆಗೆ ಹೋಗುವ ಹೆಣ್ಣುಮಗಳು, ಔಷಧದ ಪೆಟ್ಟಿಗೆ, ಸತ್ತವರ ಶವ, ಮದುವೆಗೆ ಬರುವ ನೆಂಟರು, ಎಲ್ಲವೂ ಅದರಲ್ಲಿಯೇ ಬರಬೇಕು. ವಿಮಾನಯಾನವೆಂದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇಂದಿಗೂ ಒಂದು ಸಂಭ್ರಮ. ಅಲ್ಲಿ ಅದು ಸಂತೆಗೆ ಹೋಗಿಬರುವಷ್ಟು ಸಾಮಾನ್ಯ. ಆದರೆ ಸಂತೆಯ ದಾರಿಯಲ್ಲಿ ಮಳೆ ಬಂದರೆ ಮರದಡಿಯಲ್ಲಿ ನಿಲ್ಲಬಹುದು. ಆಕಾಶದ ದಾರಿಯಲ್ಲಿ ನಿಲ್ಲುವ ನೆರಳಿಲ್ಲ. ಹೊರಟವನು ಮುಂದಕ್ಕೆ ಹೋಗಬೇಕು, ಇಲ್ಲವೆ ಹಿಂದಕ್ಕೆ ಬರಬೇಕು. ಎರಡರಲ್ಲಿ ಯಾವುದು ಎಂಬುದನ್ನು ತಿಳಿಸುವ ವರ್ತಮಾನಕ್ಕೆ ಅಲ್ಲಿ ಪ್ರಾಣದ ಬೆಲೆಯುಂಟು. ಆ ವರ್ತಮಾನವು ಹಾರುವ ವಿಮಾನದೊಳಕ್ಕೆ ಹೇಗೆ ಬರುತ್ತದೆ, ಬಂದುದನ್ನು ಹೇಗೆ ಓದಬೇಕು ಎಂಬುದನ್ನು ನಾವು ಆ ನಾಡಿನಲ್ಲಿ ಸಂಚರಿಸಿದಾಗ ಕಂಡು ಕೇಳಿದ ಮಟ್ಟಿಗೆ ವಾಚಕರ ಮುಂದಿಡುತ್ತೇವೆ.

ಹಿಂದಿನವರ ಮಾತನ್ನು ಮೊದಲು ಹೇಳಬೇಕು. 1924ರ ಫೆಬ್ರುವರಿ 21ರಂದು ಕಾರ್ಲ್ ಬೆನ್ ಐಯೆಲ್ಸನ್ ಎಂಬ ವೈಮಾನಿಕನು ಫೇರ್‌ಬ್ಯಾಂಕ್ಸ್ ಪಟ್ಟಣದಿಂದ ಮೆಕ್‌ಗ್ರಾತ್ ಎಂಬ ಊರಿಗೆ ಟಪಾಲನ್ನು ಹಾರಿಸಿಕೊಂಡು ಹೋದನು. ನಾಯಿಗಳು ಎಳೆಯುವ ಜಾರುಬಂಡಿಗೆ ವಾರಗಟ್ಟಲೆ ಹಿಡಿಯುತ್ತಿದ್ದ ದಾರಿಯನ್ನು ಆತ ಕೆಲವು ಗಂಟೆಗಳಲ್ಲಿ ಕಳೆದನು. ಹಿಂದಿರುಗುವಾಗ ಕತ್ತಲಾಗಿ, ಊರವರು ಬೆಂಕಿ ಹಚ್ಚಿ ದಾರಿ ತೋರಿಸಬೇಕಾಯಿತು. ಮುಂದೆ ಆಕಾಶ ಹೇಗಿದೆಯೆಂದು ತಿಳಿಯಲು ಅಂದಿನವರಿಗಿದ್ದ ಸಾಧನಗಳು ಕಣ್ಣು, ಹೊಗೆ ವಾಲುವ ದಿಕ್ಕು, ನದಿಯ ನೀರಿನ ಮೇಲಣ ತೆರೆ, ಇವೇ. ಅದೇ ಐಯೆಲ್ಸನ್ 1929ರ ನವೆಂಬರಿನಲ್ಲಿ, ಸೈಬೀರಿಯದ ತೀರದಲ್ಲಿ ಹಿಮಗಡ್ಡೆಗೆ ಸಿಕ್ಕಿಕೊಂಡಿದ್ದ ಹಡಗೊಂದರ ಜನರನ್ನು ಕರೆತರಲು ಹೋಗಿ, ಬಿರುಗಾಳಿಗೆ ಸಿಕ್ಕಿ ತನ್ನ ಯಂತ್ರಕರ್ಮಿಯೊಡನೆ ಮಡಿದನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಸೆಲ್ ಮೆರಿಲ್ ಎಂಬ ಇನ್ನೊಬ್ಬ ಹೆಸರಾಂತ ವೈಮಾನಿಕನು ಆಂಕರೇಜ್ ನಗರದಿಂದ ಹೊರಟವನು ಹಿಂದಿರುಗಲೇ ಇಲ್ಲ. ಆಂಕರೇಜಿನ ಸಣ್ಣ ವಿಮಾನಗಳ ನಿಲ್ದಾಣಕ್ಕೂ, ಆತ ಕಂಡುಹಿಡಿದ ಒಂದು ಬೆಟ್ಟದ ಘಾಟಿಗೂ ಈಗ ಆತನ ಹೆಸರೇ ಇದೆ.

ಇವು ಹಳೆಯ ಕಾಲದ ಮಾತುಗಳೆಂದು ತಳ್ಳಿಹಾಕುವಂತಿಲ್ಲ. 1972ರ ಅಕ್ಟೋಬರ್ 16ರಂದು ಅಮೆರಿಕದ ಪ್ರತಿನಿಧಿ ಸಭೆಯ ಬಹುಮತ ಪಕ್ಷದ ನಾಯಕರಾದ ಹೇಲ್ ಬಾಗ್ಸ್, ಅಲಾಸ್ಕದ ಪ್ರತಿನಿಧಿಯಾದ ನಿಕ್ ಬೆಗಿಚ್ ಮತ್ತು ಇನ್ನಿಬ್ಬರು ಆಂಕರೇಜಿನಿಂದ ಜೂನೋವಿಗೆ ಸಣ್ಣ ವಿಮಾನವೊಂದರಲ್ಲಿ ಹೊರಟರು. ಅಂದು ದಾರಿಯ ಹವೆ ಕೆಟ್ಟಿತ್ತು. 39 ದಿನ ಹುಡುಕಿದರೂ ವಿಮಾನದ ಒಂದು ಚೂರೂ ದೊರೆಯಲಿಲ್ಲ, ಇಂದಿಗೂ ದೊರೆತಿಲ್ಲ. ಅಧಿಕಾರವಾಗಲಿ ಕೀರ್ತಿಯಾಗಲಿ ಮುಗಿಲಿನ ಮುಂದೆ ನಡೆಯುವುದಿಲ್ಲವೆಂಬುದನ್ನು ಅಲಾಸ್ಕದ ಜನರು ಈ ಕಥೆಯನ್ನು ಹೇಳಿ ನೆನಪಿಸಿಕೊಳ್ಳುತ್ತಾರೆ.

ಆಂಕರೇಜ್ ನಗರವು ಸಮುದ್ರದ ಒಂದು ಕೊಲ್ಲಿಯ ತಲೆಯಲ್ಲಿದೆ. ಅಲ್ಲಿ ಲೇಕ್ ಹುಡ್ ಎಂಬ ಸರೋವರವುಂಟು. ನಮ್ಮ ಕೆರೆಯ ದಂಡೆಯಲ್ಲಿ ತೆಪ್ಪಗಳನ್ನು ಕಟ್ಟಿರುವಂತೆ ಅದರ ದಂಡೆಯುದ್ದಕ್ಕೂ ನೀರಿನ ಮೇಲೆ ಇಳಿದೇಳುವ ವಿಮಾನಗಳನ್ನು ಸಾಲಾಗಿ ಕಟ್ಟಿರುತ್ತಾರೆ. ಜಗತ್ತಿನಲ್ಲಿ ಇಂಥ ವಿಮಾನಗಳ ಓಡಾಟ ಅತ್ಯಂತ ಹೆಚ್ಚಾಗಿರುವ ಸ್ಥಳ ಇದೇ ಎಂದು ಅಲ್ಲಿಯವರ ಅಭಿಮಾನ. ಪಶ್ಚಿಮಕ್ಕೆ ನೋಡಿದರೆ ಅಲಾಸ್ಕ ಪರ್ವತಶ್ರೇಣಿಯ ಹಿಮದ ಕೋಡುಗಳು ಗೋಡೆಯಂತೆ ನಿಂತಿವೆ. ದೊಡ್ಡ ಜೆಟ್ ವಿಮಾನಗಳು ಆ ಗೋಡೆಯನ್ನು ಲೆಕ್ಕಿಸದೆ ಮೇಲಿನಿಂದ ದಾಟುತ್ತವೆ. ಸಣ್ಣ ವಿಮಾನಗಳು ಹಾಗಲ್ಲ. ಲೇಕ್ ಕ್ಲಾರ್ಕ್ ಘಾಟಿ, ಮೆರಿಲ್ ಘಾಟಿ ಮುಂತಾದ ಸಂದುಗಳಲ್ಲಿ, ಎರಡೂ ಪಕ್ಕದಲ್ಲಿ ಬಂಡೆಗಳನ್ನಿಟ್ಟುಕೊಂಡು, ಮೇಲೆ ಮೋಡದ ಮಾಡು, ಕೆಳಗೆ ಹಿಮನದಿ, ಇವುಗಳ ನಡುವೆ ನುಸುಳಿ ಹೋಗಬೇಕು. ಘಾಟಿಯ ಈ ತುದಿಯಲ್ಲಿ ಬಿಸಿಲಿರಬಹುದು. ನಡುವಣ ತಿರುವಿನಲ್ಲಿ ಮೋಡವು ನೆಲಕ್ಕೆ ತಾಗಿರಬಹುದು. ಕಣಿವೆ ಕಿರಿದಾದಲ್ಲಿ ತಿರುಗಿಕೊಳ್ಳಲು ಕೂಡ ಎಡೆಯಿರುವುದಿಲ್ಲ. ಮೆರಿಲ್ ಘಾಟಿಯಲ್ಲಿ ಒಡೆದು ಬಿದ್ದ ವಿಮಾನಗಳ ಅವಶೇಷಗಳು ಹಾರುವವರಿಗೆ ಈಗಲೂ ಕಾಣಿಸುತ್ತವೆ.

ಮೋಡದೊಳಕ್ಕೆ ಹೊಕ್ಕರೆ ಏನಾಗುತ್ತದೆಂದು ನೆಲದಲ್ಲಿ ನಡೆಯುವ ನಮಗೆ ಸುಲಭವಾಗಿ ಹೊಳೆಯುವುದಿಲ್ಲ. ಕಣ್ಣಿಗೆ ದಿಗಂತ ಕಾಣದಾದ ಕೂಡಲೆ, ಕಿವಿಯೊಳಗಿನ ಸಮತೋಲದ ಇಂದ್ರಿಯವು ಸುಳ್ಳು ಹೇಳತೊಡಗುತ್ತದೆ. ವಿಮಾನವು ಒಂದು ಪಕ್ಕಕ್ಕೆ ವಾಲಿ ಸುತ್ತುತ್ತಿದ್ದರೂ ನೆಟ್ಟಗೆ ಹೋಗುತ್ತಿರುವಂತೆ ಭಾಸವಾಗುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಇದನ್ನು ಪರೀಕ್ಷಿಸಿದರು. ಉಪಕರಣಗಳನ್ನು ನೋಡಿ ಹಾರುವ ಅಭ್ಯಾಸವಿಲ್ಲದ 20 ಮಂದಿಗೆ ಹೊರಗಿನ ನೋಟವನ್ನು ಮರೆಮಾಡಿ ಹಾರಲು ಹೇಳಿದರು. ಇಪ್ಪತ್ತು ಮಂದಿಯೂ ಹತೋಟಿ ತಪ್ಪಿದರು. ಅದಕ್ಕೆ ಹಿಡಿದ ಕಾಲ ಸರಾಸರಿ 178 ಸೆಕೆಂಡು. ಆ ಪ್ರಯೋಗದ ಉದ್ದೇಶ ಹೆದರಿಸುವುದಲ್ಲ, ಒಂದು ವಿದ್ಯೆಯನ್ನು ಕಲಿಸುವುದು. ಮೋಡದಲ್ಲಿ ಸಿಕ್ಕಿದವನು ಸಾವಧಾನವಾಗಿ ಅರ್ಧ ಸುತ್ತು ತಿರುಗಿ ಬಂದ ದಾರಿಯಲ್ಲಿಯೇ ಹೊರಬೀಳುವುದು ಹೇಗೆ ಎಂಬುದೇ ಆ ವಿದ್ಯೆ. ಹಿಂದಿರುಗುವುದೂ ಕಲಿತು ಬರಬೇಕಾದ ವಿದ್ಯೆಯೇ ಎಂಬ ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಪರ್ವತಗಳನ್ನು ದಾಟಿ ಆಂಕರೇಜಿಗೆ ಸುಮಾರು 400 ಮೈಲಿ ಪಶ್ಚಿಮಕ್ಕೆ ಹೋದರೆ ನೆಲದ ರೂಪವೇ ಬದಲಾಗುತ್ತದೆ. ಯೂಕಾನ್, ಕುಸ್ಕೊಕ್ವಿಮ್ ಎಂಬ ಎರಡು ಮಹಾನದಿಗಳು ಸಮುದ್ರವನ್ನು ಸೇರುವ ಮುನ್ನ ನಿರ್ಮಿಸಿದ ವಿಶಾಲವಾದ ಬಯಲು ಅದು. ಬೆಟ್ಟವಿಲ್ಲ, ಮರವಿಲ್ಲ, ಕಣ್ಣು ಹಾಯುವಷ್ಟು ದೂರವೂ ಪಾಚಿ, ಗಿಡ್ಡ ಪೊದೆ ಮತ್ತು ಲೆಕ್ಕವಿಲ್ಲದಷ್ಟು ಕೊಳಗಳು. ಈ ಬಯಲಿನ ಮುಖ್ಯ ಊರು ಕುಸ್ಕೊಕ್ವಿಮ್ ದಂಡೆಯಲ್ಲಿರುವ ಬೆತೆಲ್. ಜನಸಂಖ್ಯೆ ಆರು ಸಾವಿರಕ್ಕೆ ಸ್ವಲ್ಪ ಮಿಕ್ಕಿದೆ. ಹೆಚ್ಚಿನವರು ಯೂಪಿಕ್ ಎಂಬ ಮೂಲನಿವಾಸಿಗಳು. ನೆಲದ ಒಳಗೆ ವರ್ಷವಿಡೀ ಮಣ್ಣು ಹೆಪ್ಪುಗಟ್ಟಿರುವುದರಿಂದ ಮನೆಗಳನ್ನು ಕಂಬಗಳ ಮೇಲೆ ನಿಲ್ಲಿಸಿದ್ದಾರೆ. ಎಷ್ಟೋ ಮನೆಗಳಿಗೆ ನೀರು ಲಾರಿಯಲ್ಲಿ ಬರುತ್ತದೆ. ಊರೊಳಗೆ ಕೆಲವು ಮೈಲಿ ರಸ್ತೆಯಿದೆ, ಟ್ಯಾಕ್ಸಿಗಳಿವೆ. ಆದರೆ ಆ ರಸ್ತೆ ಎಲ್ಲಿಗೂ ಹೋಗುವುದಿಲ್ಲ. ಚಳಿಗಾಲದಲ್ಲಿ ನದಿಯು ಹೆಪ್ಪುಗಟ್ಟಿದಾಗ ನದಿಯೇ ರಸ್ತೆಯಾಗುತ್ತದೆ. ನಾವು ಹೋದುದು ಸೆಪ್ಟೆಂಬರಿನಲ್ಲಿ. ಬಯಲೆಲ್ಲ ಕುಂಕುಮ ಅರಿಸಿನ ಚೆಲ್ಲಿದ ಹಾಗೆ ಕೆಂಪು ಹಳದಿಯಾಗಿತ್ತು. ನದಿಯ ದಂಡೆಯಲ್ಲಿ ಮೀನು ಒಣಹಾಕುವ ಅಟ್ಟಗಳು ನಿಂತಿದ್ದವು.

ಸುತ್ತಣ ಐವತ್ತಕ್ಕೂ ಹೆಚ್ಚು ಹಳ್ಳಿಗಳಿಗೆ ಈ ಬೆತೆಲ್ಲೇ ಸಂತೆ, ಆಸ್ಪತ್ರೆ, ಅಂಚೆ ಕಚೇರಿ. ಆದುದರಿಂದಲೇ ಕೇಂದ್ರ ಸರ್ಕಾರದ ವಿಮಾನಯಾನ ಇಲಾಖೆಯು 1999ರಲ್ಲಿ ಒಂದು ಹೊಸ ಪ್ರಯೋಗಕ್ಕೆ ಈ ಊರನ್ನು ಆರಿಸಿಕೊಂಡಿತು. ಕ್ಯಾಪ್‌ಸ್ಟೋನ್ ಎಂದು ಅದರ ಹೆಸರು. ಗೋಡೆಯ ನೆತ್ತಿಯ ಮೇಲೆ ಕೊನೆಗೆ ಕೂರಿಸುವ ಕಲ್ಲು ಎಂದು ಆ ಮಾತಿನ ಅರ್ಥ. ಬಾಡಿಗೆಗೆ ಹಾರುವ ಸುಮಾರು 200 ಸಣ್ಣ ವಿಮಾನಗಳಿಗೆ ಸರ್ಕಾರದ ಖರ್ಚಿನಲ್ಲಿಯೇ ಮೂರು ಸಾಧನಗಳನ್ನು ಜೋಡಿಸಿದರು. ಉಪಗ್ರಹಗಳ ನೆರವಿನಿಂದ ವಿಮಾನವಿರುವ ತಾಣವನ್ನು ತಿಳಿಸುವ ಯಂತ್ರ ಒಂದು. ಬೆಟ್ಟ ಬಯಲುಗಳನ್ನು ಬಣ್ಣದಲ್ಲಿ ತೋರಿಸುವ ಪರದೆ ಇನ್ನೊಂದು. ಮೂರನೆಯದು ನೆಲದ ಗೋಪುರಗಳೊಡನೆ ಮಾತಾಡುವ ರೇಡಿಯೋ. ಈ ರೇಡಿಯೋವಿನ ಮೂಲಕವೇ ಹವೆಯ ವರ್ತಮಾನವು ಪರದೆಯ ಮೇಲೆ ಮೂಡತೊಡಗಿತು. ಫಲವೇನಾಯಿತೆಂದರೆ, 2000ದಿಂದ 2004ರವರೆಗೆ ಈ ಸಾಧನಗಳಿದ್ದ ವಿಮಾನಗಳ ಅಪಘಾತದ ಪ್ರಮಾಣವು ನೂರಕ್ಕೆ 47ರಷ್ಟು ಇಳಿಯಿತು. ಆ ಬಯಲಿನ ಹಳ್ಳಿಗಳಲ್ಲಿ ಈ ಸಂಖ್ಯೆಗೆ ಅರ್ಥವೇನೆಂದರೆ, ಸಂಜೆಗೆ ಮನೆಗೆ ಬರಬೇಕಾದವರು ಮನೆಗೆ ಬಂದರು. ಬೆತೆಲ್‌ನಲ್ಲಿ ಬೇರೂರಿದ ಈ ವ್ಯವಸ್ಥೆಯೇ ಕ್ರಮೇಣ ಇಡೀ ದೇಶಕ್ಕೆ ಹಬ್ಬಿತು.

ಇದರ ಕೆಲಸವನ್ನು ಸರಳವಾಗಿ ಹೇಳಬಹುದು. ದೇಶದಲ್ಲಿ ಅಲ್ಲಲ್ಲಿ ಹವೆಯನ್ನು ನೋಡುವ ರಾಡಾರುಗಳಿವೆ. ಒಟ್ಟು ಸುಮಾರು 160, ಅವುಗಳಲ್ಲಿ ಅಲಾಸ್ಕದ ಪಾಲಿಗೆ ಬಂದುದು ಏಳೇ. ರಾಡಾರು ತನ್ನ ತರಂಗಗಳನ್ನು ಎಸೆಯುತ್ತದೆ. ಅವು ಮಳೆಯ ಹನಿಗೋ ಹಿಮದ ಎಸಳಿಗೋ ತಾಗಿ ಮರಳಿದಾಗ, ಎಲ್ಲಿ ಎಷ್ಟು ಮಳೆಯಿದೆಯೆಂದು ತಿಳಿಯುತ್ತದೆ. ಇಂಥ ಅನೇಕ ರಾಡಾರುಗಳ ನೋಟಗಳನ್ನು ಕೌದಿ ಹೊಲಿಯುವಂತೆ ಒಂದಕ್ಕೊಂದು ಜೋಡಿಸಿ ಒಂದು ಚಿತ್ರ ಮಾಡುತ್ತಾರೆ. ಇದಲ್ಲದೆ ವಿಮಾನ ನಿಲ್ದಾಣಗಳಲ್ಲಿ ಗಾಳಿಯ ವೇಗ, ಮೋಡದ ಎತ್ತರ, ದೃಷ್ಟಿಯ ದೂರ, ತಾಪ, ಒತ್ತಡಗಳನ್ನು ಗಂಟೆಗೊಮ್ಮೆಯಾದರೂ ಅಳೆದು ಬರೆದಿಡುತ್ತಾರೆ. ಮುಂದೆ ಹೇಗಾದೀತೆಂಬ ಮುನ್ಸೂಚನೆ, ಬಿರುಗಾಳಿಯ ಎಚ್ಚರಿಕೆ, ಆ ದಾರಿಯಲ್ಲಿ ಹೋದ ಇತರ ಚಾಲಕರು ಹೇಳಿದ ಮಾತು, ಇವೂ ಸೇರುತ್ತವೆ. ಇವೆಲ್ಲವನ್ನೂ ನೆಲದ ಗೋಪುರಗಳು 978 ಮೆಗಾಹರ್ಟ್ಸ್ ಎಂಬ ತರಂಗದಲ್ಲಿ ಮತ್ತೆ ಮತ್ತೆ ಬಿತ್ತರಿಸುತ್ತವೆ. ವಿಮಾನದಲ್ಲಿರುವ ಅಂಗೈಯಗಲದ ಪೆಟ್ಟಿಗೆಯೊಂದು ಅದನ್ನು ಹಿಡಿದುಕೊಂಡು, ಚಾಲಕನ ತೊಡೆಯ ಮೇಲಿನ ಟ್ಯಾಬ್ಲೆಟ್ಟಿನಲ್ಲಿಯೋ ಎದುರಿನ ಪರದೆಯಲ್ಲಿಯೋ ಬರೆದು ತೋರಿಸುತ್ತದೆ. ಇದಕ್ಕೆ ಚಂದಾ ಹಣವೇನೂ ಇಲ್ಲ. ಪೆಟ್ಟಿಗೆಯಿದ್ದವರಿಗೆಲ್ಲ ವರ್ತಮಾನವು ಉಚಿತ.

ಹಸಿರು ಎಂದರೆ ಸಣ್ಣ ಮಳೆ, ಹಳದಿ ಎಂದರೆ ಬಿರುಸು, ಕೆಂಪು ಎಂದರೆ ಆ ಕಡೆ ಸುಳಿಯಬಾರದು. ಎಳೆಯ ಮಗುವೂ ಓದಬಹುದಾದ ಈ ಚಿತ್ರದಲ್ಲಿ ತೊಡಕೇನು ಎಂದು ವಾಚಕರು ಕೇಳಬಹುದು. ತೊಡಕು ಚಿತ್ರದ ಬಣ್ಣದಲ್ಲಿಲ್ಲ, ಅದರ ವಯಸ್ಸಿನಲ್ಲಿದೆ.

ನಮ್ಮ ಭಾಷೆಯಲ್ಲಿ ವರ್ತಮಾನವೆಂಬ ಮಾತಿಗೆ ಎರಡು ಅರ್ಥಗಳುಂಟು: ಈಗ ನಡೆಯುತ್ತಿರುವ ಕಾಲ ಒಂದು, ಸಮಾಚಾರ ಇನ್ನೊಂದು. ಈ ಎರಡನ್ನೂ ಒಂದೇ ಎಂದು ಬಗೆದವನು ಆಕಾಶದಲ್ಲಿ ಕೆಡುತ್ತಾನೆ. ದೂರದ ಊರಿಗೆ ಕೊಟ್ಟ ಮಗಳ ಮನೆಯಿಂದ ಕಾಗದ ಬರುವ ಕಾಲವನ್ನು ನೆನೆಸಿಕೊಳ್ಳೋಣ. “ಇಲ್ಲಿ ಎಲ್ಲರೂ ಕ್ಷೇಮ” ಎಂದು ಅದರಲ್ಲಿರುತ್ತದೆ. ತಾಯಿ ಅದನ್ನೋದಿ ಸಮಾಧಾನಪಡುತ್ತಾಳೆ. ಆದರೆ ಆ ಕ್ಷೇಮ ಕಾಗದ ಬರೆದ ದಿನದ ಕ್ಷೇಮ, ಓದಿದ ದಿನದ್ದಲ್ಲ. ತಿಳಿದ ತಾಯಿ ಮೊದಲು ಕಾಗದದ ತಲೆಯಲ್ಲಿರುವ ತಾರೀಖನ್ನು ನೋಡುತ್ತಾಳೆ. ವಿಮಾನದ ಪರದೆಗೆ ಬರುವ ಹವೆಯ ಚಿತ್ರವೂ ಇಂಥ ಕಾಗದವೇ. ರಾಡಾರು ಒಂದು ಸುತ್ತು ನೋಡಿ ಮುಗಿಸಲು ನಾಲ್ಕಾರು ನಿಮಿಷ ಬೇಕು. ತಿಳಿಯಾದ ಹವೆಯಲ್ಲಿ ಹತ್ತು ನಿಮಿಷವೂ ಬೇಕು. ಬೇರೆ ಬೇರೆ ರಾಡಾರುಗಳ ನೋಟಗಳನ್ನು ಹೊಲಿದು ಒಂದು ಮಾಡಲು ಇನ್ನಷ್ಟು ಹೊತ್ತು. ಗೋಪುರಕ್ಕೆ ಕಳುಹಿಸಿ ಬಿತ್ತರಿಸಲು ಮತ್ತಷ್ಟು. ಪರದೆಯ ಮೂಲೆಯಲ್ಲಿ ಚಿತ್ರದ ವಯಸ್ಸು ಒಂದು ನಿಮಿಷವೆಂದು ಬರೆದಿರಬಹುದು. ಆದರೆ ಅದು ಹೊಲಿಗೆ ಮುಗಿದ ಹೊತ್ತಿನಿಂದ ಎಣಿಸಿದ್ದು, ರಾಡಾರು ಮಳೆಯನ್ನು ಕಂಡ ಹೊತ್ತಿನಿಂದಲ್ಲ. ಅಂಚೆಯ ಮುದ್ರೆಯ ತಾರೀಖನ್ನು ನೋಡಿ ಕಾಗದ ಬರೆದ ತಾರೀಖೆಂದು ತಿಳಿದ ಹಾಗೆ.

ಈ ವ್ಯತ್ಯಾಸಕ್ಕೆ ಜನರು ಪ್ರಾಣವನ್ನು ತೆತ್ತಿದ್ದಾರೆ. ಅಲಾಸ್ಕದಿಂದ ದೂರದ ತಗ್ಗು ಸಂಸ್ಥಾನಗಳಲ್ಲಿ, ಸಿಡಿಲು ಮಳೆಗಳ ಸೀಮೆಯಲ್ಲಿ, ನಡೆದ ಎರಡು ಅಪಘಾತಗಳನ್ನು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯು ಎತ್ತಿ ಹೇಳಿದೆ. 2010ರ ಮಾರ್ಚಿನಲ್ಲಿ ಟೆನ್ನೆಸೀ ಸಂಸ್ಥಾನದಲ್ಲಿ ರೋಗಿಯನ್ನು ಬಿಟ್ಟು ಹಿಂದಿರುಗುತ್ತಿದ್ದ ಹೆಲಿಕಾಪ್ಟರೊಂದು ಬಿರುಮಳೆಗಿಂತ ಮುಂಚೆ ಮನೆ ಸೇರುವೆನೆಂದು ಹೊರಟು ಬಿದ್ದುಹೋಯಿತು, ಮೂವರು ಸತ್ತರು. 2011ರ ಡಿಸೆಂಬರಿನಲ್ಲಿ ಟೆಕ್ಸಾಸಿನಲ್ಲಿ ಸಣ್ಣ ವಿಮಾನವೊಂದು ಒಡೆದು ಐವರು ಸತ್ತರು. 2012ರ ಜೂನಿನಲ್ಲಿ ಆ ಮಂಡಲಿಯು ಚಾಲಕರಿಗೆಲ್ಲ ಎಚ್ಚರಿಕೆ ಹೊರಡಿಸಿ, ಚಿತ್ರದ ನಿಜವಾದ ವಯಸ್ಸು ಪರದೆಯಲ್ಲಿ ತೋರಿದ್ದಕ್ಕಿಂತ ಅತಿರೇಕದ ಸಂದರ್ಭಗಳಲ್ಲಿ 15ರಿಂದ 20 ನಿಮಿಷ ಹೆಚ್ಚಾಗಿರಬಹುದೆಂದು ತಿಳಿಸಿತು. ಗಂಟೆಗೆ 40 ಮೈಲಿ ವೇಗದಲ್ಲಿ ನುಗ್ಗುವ ಬಿರುಮಳೆಯು 20 ನಿಮಿಷದಲ್ಲಿ 13 ಮೈಲಿ ಸರಿದುಹೋಗಿರುತ್ತದೆ. ಪರದೆಯಲ್ಲಿ ಎರಡು ಕೆಂಪು ಚುಕ್ಕೆಗಳ ನಡುವೆ ಕಾಣುವ ಬಾಗಿಲು ಆ ಹೊತ್ತಿಗೆ ಮುಚ್ಚಿರಬಹುದು. ಆದುದರಿಂದ ಈ ಚಿತ್ರವನ್ನು ನಂಬಿ ಬಿರುಮಳೆಯನ್ನು ದೂರದಿಂದಲೇ ಬಳಸಿ ಹೋಗಬಹುದಲ್ಲದೆ, ಅದರ ಸಂದುಗಳಲ್ಲಿ ನುಸುಳಬಾರದು.

ಬೆತೆಲ್‌ನ ಬಯಲಿನಲ್ಲಿ ಇನ್ನೊಂದು ಕಷ್ಟವುಂಟು. ಅಲ್ಲಿಯ ವೈರಿ ಸಿಡಿಲಲ್ಲ. ಮಂಜು ಮತ್ತು ನೆಲಕ್ಕಿಳಿದ ಮೋಡ. ರಾಡಾರು ಹನಿಯನ್ನು ಕಾಣುತ್ತದೆ, ಮಂಜನ್ನು ಕಾಣುವುದಿಲ್ಲ. ಭೂಮಿಯು ಗುಂಡಾಗಿರುವುದರಿಂದ ಮತ್ತು ತರಂಗವನ್ನು ಸ್ವಲ್ಪ ಮೇಲಕ್ಕೆ ಎಸೆಯುವುದರಿಂದ, 100 ಕಿಲೋಮೀಟರ್ ದೂರ ಹೋಗುವಷ್ಟರಲ್ಲಿ ಅದು ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲೆ ಹಾಯುತ್ತಿರುತ್ತದೆ. ಅದರ ಕೆಳಗೆ ಏನು ನಡೆದರೂ ಅದಕ್ಕೆ ತಿಳಿಯದು. ಹೀಗಾಗಿ ಪರದೆಯಲ್ಲಿ ಬಣ್ಣವಿಲ್ಲದಿದ್ದರೆ ಆಕಾಶ ತಿಳಿಯಾಗಿದೆಯೆಂದು ಅರ್ಥವಲ್ಲ. ಹವೆಯನ್ನು ಅಳೆಯುವ ಯಂತ್ರವಿಲ್ಲದ ಹಳ್ಳಿಗಳೂ ಅನೇಕವಿವೆ. ಅವುಗಳ ಮಟ್ಟಿಗೆ ಪರದೆ ಮೌನ. ಮೌನವನ್ನು ಕ್ಷೇಮವೆಂದು ಓದಬಾರದಷ್ಟೆ.

ಈ ಮಾತು ನಮಗೆ ಮನದಟ್ಟಾದುದು ನದಿಯ ಕೆಳಗಿನ ಹಳ್ಳಿಯೊಂದಕ್ಕೆ ಹೊರಟ ದಿನ. ಒಂದೇ ಎಂಜಿನ್ನಿನ ವಿಮಾನ. ಚಾಲಕನ ಪಕ್ಕದಲ್ಲಿ ನನಗೆ ಸ್ಥಳ ಸಿಕ್ಕಿತು. ಹಿಂದೆ ಒಬ್ಬ ಯೂಪಿಕ್ ಅಜ್ಜಿ ಮತ್ತು ಅವರ ಮೊಮ್ಮಗ. ಮೂರು ವಾರ ಬೆತೆಲ್‌ನ ಆಸ್ಪತ್ರೆಯಲ್ಲಿದ್ದು ಗುಣವಾಗಿ ಅವರು ಮನೆಗೆ ಹೊರಟಿದ್ದರು. ಮೊಮ್ಮಗನ ತೊಡೆಯ ಮೇಲೆ ಔಷಧದ ಚೀಲ, ಅಜ್ಜಿಯ ಕೈಯಲ್ಲಿ ಊರಿನ ಮಕ್ಕಳಿಗೆಂದು ಕೊಂಡ ಕಿತ್ತಳೆಹಣ್ಣಿನ ಚೀಲ. ಹೊರಟಾಗ ಮೋಡವು ಎತ್ತರದಲ್ಲಿತ್ತು. ಕೊಳಗಳು ಕನ್ನಡಿಯ ಚೂರುಗಳಂತೆ ಕೆಳಗೆ ಹೊಳೆಯುತ್ತಿದ್ದವು. ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ಮುಂದಣ ಬಯಲು ಹಾಲಿನಲ್ಲಿ ಅದ್ದಿದಂತೆ ಬೆಳ್ಳಗಾಗತೊಡಗಿತು. ಪರದೆಯಲ್ಲಿ ನಮ್ಮ ದಾರಿ ನಿಷ್ಕಳಂಕವಾಗಿತ್ತು. ಹಸಿರಿನ ಒಂದು ಚುಕ್ಕೆಯೂ ಇರಲಿಲ್ಲ.

“ಪರದೆಯಲ್ಲಿ ಏನೂ ಕಾಣುವುದಿಲ್ಲವಲ್ಲ?” ಎಂದು ಕೇಳಿದೆ.

“ಹೌದು ಸ್ವಾಮಿ, ಅದು ಮಳೆಯ ಲೆಕ್ಕ ಹೇಳುತ್ತದೆ; ಮಂಜಿನ ಲೆಕ್ಕ ಅದಕ್ಕೆ ಗೊತ್ತಿಲ್ಲ,” ಎಂದು ಚಾಲಕರು ಬೆರಳಿನಿಂದ ಬೇರೊಂದು ಪುಟವನ್ನು ತೆರೆದರು. ಆ ಹಳ್ಳಿಗೆ ಹತ್ತಿರದ ನಿಲ್ದಾಣದ ವರದಿ ಅದರಲ್ಲಿತ್ತು. ಮೋಡವು ನೆಲದಿಂದ 1,500 ಅಡಿ ಮೇಲಿದೆಯೆಂದು ಬರೆದಿತ್ತು. ವರದಿಗೆ ನಲವತ್ತು ನಿಮಿಷ ವಯಸ್ಸಾಗಿತ್ತು. ಅಷ್ಟರಲ್ಲಿ ನಾವು ಬಿಟ್ಟು ಬಂದ ಬೆತೆಲ್‌ನ ಹೊಸ ವರದಿ ಬಂತು. ಅಲ್ಲಿಯೂ ಮೋಡವು ಒಂದು ಸಾವಿರ ಅಡಿ ಇಳಿದಿತ್ತು; ತಾಪವೂ ಇಬ್ಬನಿ ಕಟ್ಟುವ ಮಟ್ಟವೂ ಹತ್ತಿರ ಹತ್ತಿರ ಬಂದಿದ್ದವು. ಆ ಎರಡು ಅಂಕಿಗಳು ಕೂಡಿದಲ್ಲಿ ಮಂಜು ಹುಟ್ಟುತ್ತದೆ. ಚಾಲಕರು ಮತ್ತೆ ಮಾತಾಡಲಿಲ್ಲ. ವಿಮಾನವನ್ನು ಎಡಕ್ಕೆ ವಾಲಿಸಿ, ನೆಲ ಇನ್ನೂ ಚೆನ್ನಾಗಿ ಕಾಣುತ್ತಿರುವಾಗಲೇ ಅರ್ಧ ಸುತ್ತು ತಿರುಗಿಸಿದರು.

ಮುಂದಿನ ಹಾದಿ ಮುಚ್ಚುತ್ತಿದೆಯೆಂದು ತಿಳಿಸಿದ್ದು ಕಿಟಕಿ. ಆದರೆ ಹಿಂದಿನ ಬಾಗಿಲೂ ಮುಚ್ಚುವುದರಲ್ಲಿದೆ, ಇನ್ನು ಸ್ವಲ್ಪ ಹೊತ್ತು ಮುಂದೆ ಹೋಗಿ ನೋಡೋಣವೆಂದರೆ ಎರಡೂ ಕಡೆ ಕೆಡುತ್ತೇವೆ ಎಂಬುದನ್ನು ತಿಳಿಸಿದ್ದು ಪರದೆ. ಕಿಟಕಿಯೊಂದನ್ನೇ ನಂಬಿದ್ದರೆ ಚಾಲಕರು ಇನ್ನೂ ಹತ್ತು ನಿಮಿಷ ಆಸೆಪಡುತ್ತಿದ್ದರೇನೋ. ಪರದೆಯೊಂದನ್ನೇ ನಂಬಿದ್ದರೆ ಮಂಜಿನೊಳಕ್ಕೆ ನುಗ್ಗುತ್ತಿದ್ದರು. ಬೆತೆಲ್‌ನಲ್ಲಿ ಇಳಿದಾಗ ಓಡುದಾರಿಯ ಆಚೆಯ ತುದಿ ಮಸುಕಾಗಿತ್ತು. ಅರ್ಧ ಗಂಟೆಯಲ್ಲಿ ಊರೇ ಕಾಣದಾಯಿತು.

ಅಜ್ಜಿಗೆ ನಿರಾಶೆಯಾಗಿರಬೇಕೆಂದು ನಾನು ಮೊಮ್ಮಗನ ಮೂಲಕ ಎರಡು ಮಾತಾಡಿದೆ. ಅವರು ನಕ್ಕು, ತಮ್ಮ ಕಾಲದಲ್ಲಿ ಹಿರಿಯರು ಸಮುದ್ರಕ್ಕೆ ಬೇಟೆಗೆ ಹೋಗುವ ಮೊದಲು ಬಾಗಿಲಲ್ಲಿ ನಿಂತು ಆಕಾಶವನ್ನು ನೋಡುತ್ತಿದ್ದರೆಂದೂ, ನೋಡಿ ಒಳಕ್ಕೆ ಬಂದು ಕುಳಿತವರನ್ನು ಯಾರೂ ಹೇಡಿಯೆನ್ನುತ್ತಿರಲಿಲ್ಲವೆಂದೂ ಹೇಳಿದರು. ಕಿತ್ತಳೆಹಣ್ಣುಗಳಲ್ಲಿ ಎರಡನ್ನು ನಮಗೆ ಕೊಟ್ಟರು. ಮರುದಿನ ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಅವರನ್ನು ಅವರ ಹಳ್ಳಿಯಲ್ಲಿ ಇಳಿಸಿದೆವು. ಬರಮಾಡಿಕೊಳ್ಳಲು ಮನೆಮಂದಿಯೆಲ್ಲ ನಾಲ್ಕು ಗಾಲಿಯ ಸಣ್ಣ ವಾಹನಗಳಲ್ಲಿ ಓಡುದಾರಿಯ ಬಳಿಗೆ ಬಂದಿದ್ದರು.

ಪರದೆ ಮೌನವಾಗಿರುವ ಕಡೆಗಳಿಗಾಗಿ ಅಲ್ಲಿಯವರು ಇನ್ನೊಂದು ಉಪಾಯ ಮಾಡಿದ್ದಾರೆ. ಘಾಟಿಗಳಲ್ಲಿ, ಹಳ್ಳಿಗಳಲ್ಲಿ, ಸಮುದ್ರದ ಕೋಡುಗಳಲ್ಲಿ ಕ್ಯಾಮರಾಗಳನ್ನು ನಿಲ್ಲಿಸಿದ್ದಾರೆ. ಅಲಾಸ್ಕದಲ್ಲಿ ಇಂಥ ಸ್ಥಳಗಳು ಇನ್ನೂರಕ್ಕೂ ಹೆಚ್ಚು. ಹತ್ತು ನಿಮಿಷಕ್ಕೊಮ್ಮೆ ಅವು ಚಿತ್ರ ತೆಗೆದು ಕಳುಹಿಸುತ್ತವೆ. ಹೊಸ ಚಿತ್ರದ ಪಕ್ಕದಲ್ಲಿ ಅದೇ ಸ್ಥಳದ ತಿಳಿಬಿಸಿಲಿನ ದಿನದ ಚಿತ್ರವನ್ನೂ ಇಟ್ಟಿರುತ್ತಾರೆ. ಅದರಲ್ಲಿ ಇಂಥ ಬೆಟ್ಟ ಇಷ್ಟು ದೂರ ಎಂದು ಬರೆದಿರುತ್ತದೆ. ಎರಡನ್ನೂ ಹೋಲಿಸಿ, ಯಾವ ಬೆಟ್ಟ ಮರೆಯಾಗಿದೆಯೆಂದು ನೋಡಿದರೆ, ಘಾಟಿ ತೆರೆದಿದೆಯೋ ಮುಚ್ಚಿದೆಯೋ ಎಂಬುದು ತಾನಾಗಿ ತಿಳಿಯುತ್ತದೆ. ಹೊರಡುವ ಮೊದಲು ಚಾಲಕರು ಇವನ್ನು ನೋಡುತ್ತಾರೆ. ಹಾರುತ್ತಿರುವಾಗ ರೇಡಿಯೋದಲ್ಲಿ ಕೇಳಿದರೆ, ನೆಲದ ಸಹಾಯ ಕೇಂದ್ರದಲ್ಲಿ ಕುಳಿತವರು ಚಿತ್ರವನ್ನು ನೋಡಿ ಬಾಯಲ್ಲಿ ವರ್ಣಿಸಿ ಹೇಳುತ್ತಾರೆ. 978ರ ತರಂಗವು ನೇರವಾಗಿಯೇ ಸಾಗುವುದರಿಂದ, ಬೆಟ್ಟಗಳ ಮರೆಯಲ್ಲಿ ತಗ್ಗಿ ಹಾರುವವನಿಗೆ ಅದು ತಲಪದೆ ಹೋಗುವುದುಂಟು. ಎಲ್ಲಿ ವರ್ತಮಾನ ಅತ್ಯಂತ ಬೇಕೋ ಅಲ್ಲಿಯೇ ಅದು ಕಡಿದುಹೋಗುತ್ತದೆ. ಆದುದರಿಂದ ಬಲ್ಲವರು ಘಾಟಿಯ ಬಾಯಿಗೆ ಬರುವ ಮೊದಲೇ, ಎತ್ತರದಲ್ಲಿರುವಾಗಲೇ, ಕೇಳಬೇಕಾದುದನ್ನೆಲ್ಲ ಕೇಳಿಕೊಳ್ಳುತ್ತಾರೆ.

ಯಂತ್ರಗಳೊಡನೆ ಮನುಷ್ಯನ ಮಾತಿಗೂ ಅಲ್ಲಿ ಗೌರವವಿದೆ. ಘಾಟಿಯನ್ನು ದಾಟಿ ಹೋದ ಚಾಲಕನು, ನಡುವೆ ಹಿಮ ಸುರಿಯುತ್ತಿದೆ, ಇಷ್ಟು ಎತ್ತರದಲ್ಲಿ ರೆಕ್ಕೆಗೆ ಮಂಜುಗಡ್ಡೆ ಹತ್ತುತ್ತಿದೆ ಎಂದು ರೇಡಿಯೋದಲ್ಲಿ ಹೇಳುತ್ತಾನೆ. ಅದು ಬರೆಹವಾಗಿ, ಗೋಪುರವನ್ನು ಸೇರಿ, ಹಿಂದೆ ಬರುವ ಅಪರಿಚಿತನ ಪರದೆಯಲ್ಲಿ ಮೂಡುತ್ತದೆ. ತಾನು ದಾಟಿಯಾಯಿತೆಂದು ಸುಮ್ಮನಿರದೆ ಹಿಂದಿನವನಿಗೆ ಹೇಳಿಹೋಗುವುದು ಆ ದಾರಿಯ ಧರ್ಮ. ಹೊಳೆ ದಾಟಿದವನು ಆಚೆ ದಡದಲ್ಲಿ ನಿಂತು, “ಇಲ್ಲಿ ಮಡುವಿದೆ, ಆ ಬಂಡೆಯ ಪಕ್ಕದಲ್ಲಿ ಬಾ” ಎಂದು ಕೂಗಿ ಹೇಳುವುದನ್ನು ಮಲೆನಾಡಿನವರು ಬಲ್ಲರು.

ವರ್ತಮಾನವು ಹೆಚ್ಚಿದಷ್ಟೂ ಅಪಾಯವು ಕಡಮೆಯಾಗುತ್ತದೆಂದು ನಾವು ಸಾಮಾನ್ಯವಾಗಿ ನಂಬುತ್ತೇವೆ. ಅಲಾಸ್ಕದ ಆಕಾಶವನ್ನು ನೋಡಿದ ಮೇಲೆ ಆ ನಂಬಿಕೆಗೆ ಒಂದು ಮಾತನ್ನು ಸೇರಿಸಬೇಕೆನಿಸುತ್ತದೆ. ಹೋಗಿಯೇ ತೀರುವೆನೆಂದು ಮೊದಲೇ ನಿಶ್ಚಯಿಸಿದವನು ಪರದೆಯಲ್ಲಿ ತನಗೆ ಬೇಕಾದ ಸಂದನ್ನೇ ಹುಡುಕುತ್ತಾನೆ. ಅದು ಸಿಕ್ಕಿಯೂ ಸಿಗುತ್ತದೆ. ಅವನ ಕೈಯಲ್ಲಿ ಒಳ್ಳೆಯ ಸಾಧನವೂ ಕೆಟ್ಟ ಸಲಹೆಗಾರನಾಗುತ್ತದೆ. ಹಿಂದಿರುಗಲು ಮನಸ್ಸನ್ನು ಸಿದ್ಧವಾಗಿಟ್ಟುಕೊಂಡವನಿಗೆ ಅದೇ ಸಾಧನವು, ಹಿಂದಿರುಗಲು ಇನ್ನೂ ಎಡೆಯಿರುವಾಗಲೇ ಹೇಳುತ್ತದೆ. ಹಿಂದಿನವರಿಗೆ ಈ ಹೊತ್ತು ದೊರೆಯುತ್ತಿರಲಿಲ್ಲ. ಮೋಡವನ್ನು ಕಣ್ಣಾರೆ ಕಂಡ ಮೇಲೆಯೇ ಅವರು ಯೋಚಿಸಬೇಕಾಗಿತ್ತು. ಈಗಿನವರಿಗೆ ಅರ್ಧ ಗಂಟೆ ಮುಂಚಿತವಾಗಿ ಯೋಚಿಸುವ ಅವಕಾಶ ದೊರೆತಿದೆ. ಆ ಅರ್ಧ ಗಂಟೆಯೇ ಈ ವಿದ್ಯೆಯೆಲ್ಲದರ ಲಾಭ. ಅದನ್ನು ಬಳಸಿಕೊಳ್ಳುವ ವಿವೇಕವನ್ನು ಚಾಲಕನೇ ತರಬೇಕು.